ಬಿಸಿಲಿಗಿಟ್ಟ ಡಬ್ಬಿ

ಮಾರ್ಚ್ ೧೪, ಭಾನುವಾರ

ಮೈ ಡಿಯರ್ ಡಾಟರ್, ನನ್ನ ಪುಟ್ಟೀ,

ಅಪ್ಪನ ಆಶೀರ್ವಾದ ನಿನಗೂ, ಅಳಿಯನಿಗೂ, ಮೊಮ್ಮಗಳು ನನ್ನ ಗುಬ್ಬಿಮರಿಗೂ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನಾವಿಬ್ಬರು ಎಂದರೆ ನಾನು ಮತ್ತು ನಿನ್ನ ದೊಡ್ಡತ್ತೆ. ನನ್ನ ಅಕ್ಕನಾದ್ದರಿಂದ ಅವಳನ್ನು ಮೊದಲು ಹೇಳಬೇಕಿತ್ತು. ಕನ್ನಡಕ ಎಲ್ಲೋ ಇಟ್ಟು ಮರೆತಿದ್ದಾಳೆ, ಹಾಗಾಗಿ ನಡೆಯುತ್ತದೆ.

'ಐ ಯಾಮ್ ಇನ್ ರಿಸೀಟ್ ಆಫ್ ಯುವರ್ ಲೆಟರ್' ಎಂದು ಶುರು ಮಾಡಬೇಕೆಂದು ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರು. ಅದರ ಮುಂದಿನ ಸಾಲು ಮರೆತುಹೋಗಿದೆ. ಕಾಗದ ಕೈಗೆ ಬಂದು ಐದು ವಾರವಾದ ಮೇಲೆ ಉತ್ತರ ಬರೆಯುವವನು ಏನು ಬರೆಯಬೇಕು ಎಂಬುದನ್ನಂತೂ ಅವರು ಕಲಿಸಿರಲೇ ಇಲ್ಲ. ಮಂಡಿನೋವು ಅನ್ನಬಹುದು. ಪೆನ್ನು ಕೆಟ್ಟಿತ್ತು ಅನ್ನಬಹುದು. ನೀನು ಫೋನ್ ಮಾಡಿದಾಗಲೆಲ್ಲ 'ಬರೀತಾ ಇದೀನಮ್ಮ, ಅರ್ಧ ಆಗಿದೆ' ಎಂದೆನಲ್ಲ, ಆ ಅರ್ಧ ಎಂಬುದು 'ಮೈ ಡಿಯರ್ ಡಾಟರ್' ಅಷ್ಟೇ ಆಗಿತ್ತು.

ನೀನು ಕೇಳಿದ್ದು ದೊಡ್ಡದೇನಲ್ಲ. ಹೊಸ ಮನೆಗೆ ಬಂದಿದ್ದೇವೆ, ಚಾಪೆಯಷ್ಟಗಲದ ಬಾಲ್ಕನಿ ಇದೆ, ಬೆಳಗಿನ ಬಿಸಿಲು ಬರುತ್ತದೆ, ಅಮ್ಮನ ಆ ಮರಿ ಹಾಕುವ ಗಿಡದಿಂದ ಒಂದೇ ಒಂದು ಮರಿ ಕಳಿಸಿ ಎಂದು ಬರೆದಿದ್ದೆ. ಅಳಿಯ ಅದಕ್ಕೆಂದೇ ಹೊಸ ಕುಂಡಕ್ಕೆ ನೀಲಿ ಬಣ್ಣ ಬಳಿದು, ಅಂಚಿಗೆ ಹಳದಿ ಗೆರೆ ಎಳೆದು, ಖಾಲಿ ಇಟ್ಟುಕೊಂಡು ಕಾಯುತ್ತಿದ್ದಾನೆ ಎಂದೂ ಬರೆದಿದ್ದೆ. ನೀನು ಆವತ್ತು ತಂದುಕೊಟ್ಟ ಹಳೆಯ ಕುಂಡದಂತೆಯೇ ಇದೆಯಂತೆ, ಬೆಕ್ಕು ಬೀಳಿಸಿ ಒಡೆಯಿತು ಎಂದು ಅಮ್ಮ ಹೇಳಿದ್ದಳಲ್ಲ, ಅದು. ಕೊನೆಗೆ ಇನ್ನೊಂದು ಸಾಲು ಬರೆದಿದ್ದೆ. ಅದನ್ನು ನಾನು ಈ ಐದು ವಾರದಲ್ಲಿ ಬಾಯಿಪಾಠ ಮಾಡಿದ್ದೇನೆ: 'ಅಪ್ಪ ದಿನಾ ಆ ಗಿಡಕ್ಕೆ ನೀರು ಹಾಕ್ತಾರೆ ಅಂತ ಅಮ್ಮ ಫೋನಿನಲ್ಲಿ ಹೇಳದೇ ಇದ್ದಿದ್ದರೆ ನಾನು ಮತ್ತೆ ಆ ಗೇಟು ದಾಟುತ್ತಲೇ ಇರಲಿಲ್ಲ.'

ಪುಟ್ಟೀ, ಆ ಮರಿಯನ್ನು ನಾನು ಕಳಿಸಲಾರೆ. ಐ ಯಾಮ್ ಸಾರಿ ಟು ಇನ್ಫಾರ್ಮ್. ಗಿಡ ಸತ್ತಿಲ್ಲ, ಗಾಬರಿಯಾಗಬೇಡ. ಅದು ಸಾಯುವುದಿಲ್ಲ ಎನ್ನುವುದೇ ತೊಂದರೆ. ಬದಲಿಗೆ ಈ ಪಾರ್ಸಲಿನಲ್ಲಿ ಬೇರೆ ಎರಡು ಗಿಡ ಇಟ್ಟಿದ್ದೇನೆ. ಯಾಕೆ ಅದಲ್ಲ, ಯಾಕೆ ಇವು, ಎಂದು ಹೇಳಲಿಕ್ಕೇ ಈ ಉದ್ದ ಕಾಗದ. ಕೂತುಕೊಂಡು ಓದು. ಒಲೆ ಮೇಲೆ ಹಾಲಿಟ್ಟಿದ್ದರೆ ಮೊದಲು ಇಳಿಸಿ ಬಾ.

ನಿನ್ನ ಅಮ್ಮ ಆ ಗಿಡವನ್ನು ಹೇಗೆ ಇಟ್ಟುಕೊಂಡಿದ್ದಳು ನೆನಪಿದೆಯಲ್ಲ. ಹಿತ್ತಲಲ್ಲಿ ಅಗಲವಾದ ಅಲ್ಯೂಮಿನಿಯಂ ಬೋಗುಣಿ, ಅದರ ತುಂಬ ನೀರು, ನಡುವೆ ಬೋರಲು ಹಾಕಿದ ಬಕೆಟ್ಟು, ಅದರ ಮೇಲೆ ಕುಂಡ. ರಾಜಕುಮಾರಿಯನ್ನು ಕೋಟೆಯಲ್ಲಿಟ್ಟ ಹಾಗೆ. ಇರುವೆ ಹತ್ತದಿರಲೆಂದು ಮಾಡಿದ್ದಾಳೆ ಎಂದುಕೊಂಡಿದ್ದೆ. ಬೆಳಗ್ಗೆ ಎದ್ದವಳೇ ಕೂದಲು ಕೂಡ ಕಟ್ಟದೆ ಆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಪ್ರತಿ ಎಲೆಯ ಅಂಚಿನಲ್ಲೂ ಹಾಲುಹಲ್ಲಿನ ಹಾಗೆ ಸಾಲಾಗಿ ಮರಿಗಳು ಮೂಡುತ್ತವೆ, ಒಂದೊಂದಕ್ಕೂ ಕೂದಲೆಳೆಯಂಥ ಬೇರು. ಅವನ್ನು ಚಿಮುಟದಲ್ಲಿ ಒಂದೊಂದಾಗಿ ಬಿಡಿಸಿ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ತಾರಸಿಯ ಗೋಡೆಯ ಮೇಲೆ ಬಿಸಿಲಿಗೆ ಇಡುತ್ತಿದ್ದಳು. ಒಂದು ದಿನ ತಪ್ಪಿಸಿದ್ದನ್ನು ಕಾಣೆ. ಜ್ವರ ಬಂದಾಗ ಶಾಲು ಹೊದ್ದು ಹೋಗಿ ಕೂತಳು.

ನಾನು ಏನು ತಿಳಿದೆ ಹೇಳು? ಮಗಳು ಕೊಟ್ಟ ಗಿಡ, ಅದರ ಒಂದು ಮರಿಯೂ ಪೋಲಾಗಬಾರದು ಎಂದು ಕೂಡಿಡುತ್ತಿದ್ದಾಳೆ ಎಂದು ತಿಳಿದೆ. ಕೇಳಿದೆನಾ? ಇಲ್ಲ. ಮೂವತ್ತೊಂದು ವರ್ಷ ಊರವರ ಮನೆಯ ನೀರಿನ ಮೀಟರ್ ಓದಿದವನು ನಾನು. ಮುಳ್ಳು ಎಲ್ಲಿ ನಿಂತಿದೆ ಎಂದು ನೋಡುವುದು, ಬರೆದುಕೊಳ್ಳುವುದು, ಮುಂದಿನ ಮನೆಗೆ ಹೋಗುವುದು. ನೀರು ಎಲ್ಲಿಗೆ ಹೋಯಿತು ಎಂದು ಕೇಳುವುದು ನಮ್ಮ ಕೆಲಸವಲ್ಲ. ಮನೆಯಲ್ಲೂ ಅದೇ ಅಭ್ಯಾಸ ಬಿದ್ದುಹೋಗಿತ್ತು.

ಅವಳು ಹೋದ ಮೇಲೆ ಆ ಡಬ್ಬಿ ತೆರೆದೆ. ಮೇಲಿನ ಪದರದಲ್ಲಿ ಮರಿಗಳು ಇನ್ನೂ ಹಸಿರಾಗಿದ್ದವು. ಕೆಳಗಿನವೆಲ್ಲ ಬೆಂದು, ಕಪ್ಪಾಗಿ, ಚಹಾಪುಡಿಯಂತಾಗಿದ್ದವು. ಇಷ್ಟು ವರ್ಷ ಕೂಡಿಟ್ಟದ್ದು ಹಾಳಾಯಿತಲ್ಲ ಎಂದು ತಾರಸಿಯ ಮೇಲೆ ಕೂತು ಅತ್ತುಬಿಟ್ಟೆ. ಉಳಿದವನ್ನಾದರೂ ಬದುಕಿಸೋಣ ಎಂದು ಮಡಿಗಳಲ್ಲಿ ಹಾಕಿದೆ. ಬದುಕಿದವು, ಹೇಗೆ ಬದುಕಿದವು ಅನ್ನುತ್ತೀ! ವರ್ಷ ತುಂಬಿದಾಗ ಅವಳ ನೆನಪಿಗೆ ಎಂದು ಬೀದಿ ಬೀದಿಗೆ ಹಂಚಿದೆ. ನಲವತ್ತಮೂರು ಮನೆ. ಯಾವ ಮನೆಯ ಗೇಟನ್ನು ಎತ್ತಿ ತಳ್ಳಬೇಕು, ಯಾವ ನಾಯಿ ಬರೀ ಬಾಯಿಯದು ಎಂದು ನನಗೆ ಗೊತ್ತಲ್ಲ. ಪ್ರತಿ ಮನೆಯಲ್ಲೂ ಒಂದೇ ಮಾತು: 'ನಮ್ಮನೆಯವಳ ನೆನಪು. ಏನೂ ಮಾಡಬೇಕಾಗಿಲ್ಲ, ತಾನೇ ಬೆಳೆಯುತ್ತೆ.' ಎಲ್ಲರೂ ಎರಡೂ ಕೈಯಲ್ಲಿ ಇಸಿದುಕೊಂಡರು. ನಿನಗೆ ಫೋನಿನಲ್ಲಿ ಎಷ್ಟು ಹೆಮ್ಮೆಯಿಂದ ಹೇಳಿದ್ದೆ. ನೀನೂ ಅತ್ತಿದ್ದೆ.

ದೊಡ್ಡತ್ತೆ ಕರೆಯುತ್ತಿದ್ದಾಳೆ. ಕನ್ನಡಕ ಸಿಕ್ಕಿತಂತೆ. ಕಾಗದ ಎತ್ತಿಡುತ್ತೇನೆ.

ಬುಧವಾರ

ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ನಲವತ್ತಮೂರು ಮನೆ.

ಜನವರಿಯಲ್ಲಿ ಒಂದು ಬೆಳಗ್ಗೆ ಹಿಂದಿನ ಗುಡ್ಡದಲ್ಲಿ ಮೇಕೆ ಮೇಯಿಸುವವಳು ಬಂದಳು. ನಿನ್ನ ಅಮ್ಮನ ವಯಸ್ಸಿನವಳು, ತಲೆಗೆ ಟವೆಲು ಸುತ್ತಿಕೊಂಡು ಓಡಾಡುತ್ತಾಳೆ, ನೀನೂ ನೋಡಿದ್ದೀಯ. ಒಂದು ಕಂಕುಳಲ್ಲಿ ಮೇಕೆಮರಿ. ಮಲಗಿದೆ ಎಂದುಕೊಂಡೆ. ಇನ್ನೊಂದು ಕೈಯಲ್ಲಿ ಉದ್ದನೆಯ ದಂಟು, ತುದಿಯಲ್ಲಿ ಗಂಟೆಗಳ ಹಾಗೆ ತೂಗುವ ಹೂಗೊಂಚಲು. ಅವಳು ಜಗಳಕ್ಕೆ ಬಂದಿರಲಿಲ್ಲ. ಮರಿಯನ್ನು ಮೆಟ್ಟಿಲ ಮೇಲೆ ಮೆಲ್ಲಗೆ ಇಳಿಸಿ ಕೇಳಿದಳು:

"ಮೀಟರಣ್ಣ, ಇದು ನಿಮ್ಮನೆ ಗಿಡ ಅಲ್ವಾ?"

ಹೌದೆಂದೆ.

"ಇದನ್ನ ತಿಂದು ಈ ಮರಿ ಹೋಯ್ತು. ಇನ್ನೊಂದು ಮರಿ ನಿಲ್ಲೋಕಾಗ್ದೆ ಒದ್ದಾಡ್ತಿದೆ. ಹುಲ್ಲು ಎಲ್ಲಿದೆ ಹೇಳಿ? ಬಂಡೆ ಮೇಲೆಲ್ಲ ಇದೇ. ಅಕ್ಕ ಇದ್ದಾಗ ಹಿಂಗಿರ್ಲಿಲ್ಲ. ವಾರವಾರ ಬಂದು ಕಿತ್ಕೊಂಡು ಹೋಗೋರು."

ಯಾವ ಅಕ್ಕ ಎಂದು ಕೇಳಿದೆ. ನನ್ನ ಪೆದ್ದುತನ ನೋಡು.

"ನಿಮ್ಮನೆಯವ್ರು ಅಣ್ಣ. ಏಳು ವರ್ಷ. ಒಂದೊಂದು ಸಂದಿಗೂ ಕೈ ಹಾಕಿ ಕೀಳೋರು. ಬೆನ್ನು ನೋಯಲ್ವಾ ಅಂದ್ರೆ ನಗೋರು."

ಪುಟ್ಟೀ, ಅವಳು ವಾಕಿಂಗ್ ಹೋಗುತ್ತಾಳೆ ಎಂದುಕೊಂಡಿದ್ದೆ ನಾನು. ಡಾಕ್ಟರು ಸಕ್ಕರೆ ಕಾಯಿಲೆಗೆ ನಡೆಯಬೇಕು ಎಂದಿದ್ದರಲ್ಲ. ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಹಳೇ ಚಪ್ಪಲಿ ಮೆಟ್ಟಿ, ಬಟ್ಟೆಚೀಲ ಮಡಚಿಕೊಂಡು ಹೊರಡುವಳು. 'ವಾಕಿಂಗಿಗೆ ಚೀಲ ತಗೊಂಡು ಹೋಗೋರನ್ನ ನಾನು ಇದೇ ಮೊದಲು ನೋಡಿದ್ದು' ಎಂದು ರೇಗಿಸುತ್ತಿದ್ದೆ. 'ಗಾಳಿ ತುಂಬ್ಕೊಂಡು ಬರ್ತೀನಿ' ಅನ್ನುತ್ತಿದ್ದಳು. ಬರುವಾಗ ಚೀಲ ಉಬ್ಬಿರುತ್ತಿತ್ತು, ನೇರ ತಾರಸಿಗೆ ಹೋಗುವಳು. ಗಾಳಿಗೆ ಅಷ್ಟು ತೂಕ ಇರುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ.

ನಿನ್ನ ಗಿಡ ಹೇಗೋ ಗೋಡೆ ದಾಟಿ ಗುಡ್ಡ ಸೇರಿತ್ತು. ಅಲ್ಲಿ ಹಬ್ಬುತ್ತಿತ್ತು. ಅವಳು ಒಬ್ಬಳೇ ಅದನ್ನು ಹಿಡಿದು ನಿಲ್ಲಿಸಿದ್ದಳು. ಅವಳು ಹೋದ ಮೇಲೆ ಎರಡು ವರ್ಷ ಕೇಳುವವರಿಲ್ಲ. ಅದೇ ಹೊತ್ತಿಗೆ ನಾನು ಈ ಕಡೆಯಿಂದ ನಲವತ್ತಮೂರು ಮನೆಗೆ ಹಂಚಿ ಬಂದಿದ್ದೆ. ಅದರಲ್ಲಿ ಕೆಲವರು ಹೆಚ್ಚಾದ ಮರಿಗಳನ್ನು ಗುಡ್ಡದ ಬುಡಕ್ಕೇ ಸುರಿದಿದ್ದರು.

ಮೇಕೆಯವಳು ಪರಿಹಾರವೆಂದು ಏನೂ ಕೇಳಲಿಲ್ಲ. ಏನಾದರೂ ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಪುಟ್ಟ ಮರಿಯನ್ನು ನಮ್ಮ ಹಿತ್ತಲಲ್ಲೇ ಮಣ್ಣು ಮಾಡಿದೆವು. ದೊಡ್ಡತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಲೋ ತಮ್ಮಾ, ಅವಳು ಹಿಡಿದು ಕಟ್ಟಿ ಹಾಕಿದ್ದನ್ನ ನೀನು ಮನೆಮನೆಗೆ ಬಡಿಸಿ ಬಂದೆಯಲ್ಲೋ" ಎಂದಳು.

ಆ ದಂಟನ್ನು ಹಿಡಿದುಕೊಂಡು ಬಸ್ ನಿಲ್ದಾಣದ ಹಿಂದಿನ ನರ್ಸರಿಗೆ ಹೋದೆ. ನರ್ಸರಿಯಮ್ಮ ಅದನ್ನು ನೋಡಿದ್ದೇ ನನ್ನ ಕೈಯಿಂದ ಕಿತ್ತುಕೊಂಡು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಾಯಿ ಕಟ್ಟಿದಳು. ನಾನು ಬೀದಿಯುದ್ದಕ್ಕೂ ಮರಿ ಉದುರಿಸಿಕೊಂಡು ಬಂದಿದ್ದೇನಂತೆ! ಇದಕ್ಕೆ 'ಸಾವಿರ ಮಕ್ಕಳ ತಾಯಿ' ಎಂದು ಹೆಸರಂತೆ. ನೋಡಲಿಕ್ಕೆ ಚೆಂದ, ನೀರು ಕೇಳುವುದಿಲ್ಲ, ಮುಟ್ಟಿದರೆ ಮರಿ ಉದುರುತ್ತವೆ, ಬಿದ್ದಲ್ಲಿ ಬೇರು ಬಿಡುತ್ತವೆ, ಅಲ್ಲಿ ಮೊದಲಿಂದ ಇದ್ದ ಸಣ್ಣಪುಟ್ಟವನ್ನೆಲ್ಲ ಮುಚ್ಚಿಹಾಕುತ್ತವೆ. ದನಕರುಗಳ ಹೃದಯಕ್ಕೇ ತಾಗುವ ವಿಷ, ಹೂವಿನಲ್ಲಂತೂ ಜಾಸ್ತಿ. ಮಾರುವುದನ್ನು ಬಿಟ್ಟು ಎಂಟು ವರ್ಷವಾಯಿತು ಎಂದಳು. ಯಾಕೆ ಬಿಟ್ಟಿರಿ ಎಂದು ಕೇಳಿದೆ.

"ನಿಮ್ಮನೆಯವರೇ ಬಿಡಿಸಿದ್ದು ಸಾರ್. ಗುಡ್ಡದಿಂದ ಒಂದು ಚೀಲ ತಂದು ಇಲ್ಲಿ ಸುರಿದು, ನೋಡಿ ಅಂದರು. ಆಮೇಲೆ ಇನ್ನೊಂದು ಮಾತು ಕೇಳಿದರು. ಒಂದೇ ಒಂದು ಗಿಡ ಮನೇಲಿ ಇಟ್ಕೋಬೇಕು, ಅದರಿಂದ ಒಂದು ಮರೀನೂ ಹೊರಗೆ ಹೋಗಬಾರದು, ಹೇಗೆ ಅಂತ. ಅಷ್ಟು ಕಷ್ಟ ಯಾಕಮ್ಮ, ಅದನ್ನೂ ಕಿತ್ತುಹಾಕಿ ಅಂದೆ. ಆಗಲ್ಲ, ಮಗಳು ಬಂದಾಗ ಹುಡುಕ್ತಾಳೆ ಅಂದರು."

ನೀರಿನ ಬೋಗುಣಿ, ಚಿಮುಟ, ಮುಚ್ಚಳದ ಡಬ್ಬಿ, ಬಿಸಿಲು, ಎಲ್ಲವನ್ನೂ ಹೇಳಿಕೊಟ್ಟವಳು ಈ ನರ್ಸರಿಯಮ್ಮ. ಆ ಡಬ್ಬಿ ಮರಿಗಳನ್ನು ಕೂಡಿಡುವ ಡಬ್ಬಿಯಲ್ಲ ಪುಟ್ಟೀ. ಬೇಯಿಸಿ ಕೊಲ್ಲುವ ಡಬ್ಬಿ. ನಾನು ಅದರ ಮುಂದೆ ಕೂತು ಅತ್ತಿದ್ದೆ.

ಸರಿ, ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಅಂದಿನಿಂದ ನನಗೆ ಮತ್ತೆ ಡ್ಯೂಟಿ ಶುರುವಾಯಿತು. ಹಳೇ ಖಾಕಿ ಚೀಲ ಹೆಗಲಿಗೆ, ಮನೆಗಳ ಪಟ್ಟಿ ಕೈಗೆ. ಬೆಳಗ್ಗೆ ಏಳಕ್ಕೆ ಮೊದಲ ಗೇಟು. ಕೊಟ್ಟದ್ದನ್ನು ವಾಪಸು ಕೇಳುವುದು ಎಷ್ಟು ಕಷ್ಟ ಎಂದು ಕೇಳಿದವನಿಗೇ ಗೊತ್ತು. ನೀರು ನಿಲ್ಲಿಸುತ್ತೇವೆ ಎಂದು ನೋಟಿಸು ಹಚ್ಚುವಾಗಲೂ ಜನ ನನ್ನನ್ನು ಹಾಗೆ ನೋಡಿರಲಿಲ್ಲ. ಕ್ಷೌರದಂಗಡಿಯವನು ಎರಡು ಕನ್ನಡಿಗಳ ನಡುವೆ ಇಟ್ಟಿದ್ದ. ಕನ್ನಡಿಯಲ್ಲಿ ಸಾವಿರ ಮಕ್ಕಳು ಲಕ್ಷವಾಗಿ ಕಾಣುತ್ತಿದ್ದವು, ನನಗೆ ತಲೆ ತಿರುಗಿತು. ನಿವೃತ್ತ ಹೆಡ್‌ಮಿಸ್ಟ್ರೆಸ್ಸು ಪೂರ್ತಿ ಕೇಳಿಸಿಕೊಂಡು, "ಕೊಡುವ ಮೊದಲು ಓದಿಕೊಂಡು ಬರಬೇಕಿತ್ತಲ್ಲವೇ?" ಎಂದರು. ಎಪ್ಪತ್ತನೇ ವಯಸ್ಸಿನಲ್ಲಿ ಅವರ ಮುಂದೆ ಕೈಕಟ್ಟಿ ನಿಂತೆ. ಪೊಲೀಸಿನವನ ಹೆಂಡತಿ ಮಾತ್ರ ಕುಂಡ ಬಿಡಲೇ ಇಲ್ಲ. ಅಕ್ಕನ ನೆನಪು, ಕೊಡಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಎರಡು ಸಲ ಹೋಗಿ ಬಂದೆ. ಮೂರನೇ ಸಲ ಮೇಕೆಯವಳನ್ನೇ ಕರೆದುಕೊಂಡು ಹೋದೆ. ಅವರಿಬ್ಬರೂ ಅಡುಗೆಮನೆಯಲ್ಲಿ ಏನು ಮಾತಾಡಿದರೋ, ಕುಂಡ ತಾನಾಗಿ ಹೊರಗೆ ಬಂತು.

ತೆಗೆದುಕೊಂಡು ಬರುವುದಕ್ಕೂ ಒಂದು ಕ್ರಮ ಇದೆ. ಮೊದಲು ಕುಂಡದ ಮೇಲೆ ಚೀಲ ಕವುಚಬೇಕು, ಹುಂಜದ ಮೇಲೆ ಬುಟ್ಟಿ ಕವುಚಿದ ಹಾಗೆ, ಆಮೇಲೆ ಎತ್ತಬೇಕು. ಕುಂಡ ಇದ್ದ ಜಾಗವನ್ನು ಗುಡಿಸಬೇಕು. ಕಸದ ಗುಂಡಿಗೆ ಹಾಕಬಾರದು, ಗೊಬ್ಬರಕ್ಕೂ ಹಾಕಬಾರದು. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಾರಸಿಯ ಬಿಸಿಲಿಗೆ ಇಟ್ಟು, ಒಳಗಿನದ್ದೆಲ್ಲ ಕಪ್ಪು ಗಂಜಿಯಾಗುವ ತನಕ ಕಾಯಬೇಕು. ನಮ್ಮ ತಾರಸಿಯಲ್ಲಿ ಈಗ ಕಾಲಿಡಲು ಜಾಗವಿಲ್ಲ. ನಲವತ್ತಮೂರರಲ್ಲಿ ನಲವತ್ತೊಂದು ಬಂದವು. ಇಬ್ಬರು ಊರು ಬಿಟ್ಟಿದ್ದಾರೆ, ಕುಂಡವನ್ನೂ ಕೊಂಡುಹೋಗಿದ್ದಾರೆ. ಹೊಸ ವಿಳಾಸ ಹುಡುಕಿ ಕಾಗದ ಹಾಕಿದ್ದೇನೆ, ಇಂಗ್ಲಿಷಿನಲ್ಲಿ, ಭಾರ ಇರಲಿ ಎಂದು. 'ಐ ಬೆಗ್ ಟು ಸ್ಟೇಟ್ ದಟ್ ದಿ ಪ್ಲ್ಯಾಂಟ್ ಈಸ್ ನಾಟ್ ಎ ಜಂಟಲ್‌ಮನ್.' ಮೇಷ್ಟ್ರು ಇದ್ದಿದ್ದರೆ ಮಾರ್ಕು ಕೊಡುತ್ತಿದ್ದರು.

ಶನಿವಾರಗಳಂದು ಮೂರು ಗಂಟೆಗೆ ಗುಡ್ಡ. ನಾನು, ಮೇಕೆಯವಳು, ಬರಬರುತ್ತಾ ಕ್ಷೌರದವನು, ಪೊಲೀಸಿನವನ ಹೆಂಡತಿ. ದೊಡ್ಡತ್ತೆ ಕೊಡೆ ಬಿಡಿಸಿಕೊಂಡು ಬಂಡೆಯ ಮೇಲೆ ಕೂತು, "ಅಲ್ಲೊಂದಿದೆ, ಕುರುಡಾ, ನಿನ್ನ ಕಾಲ ಕೆಳಗೇ" ಎನ್ನುತ್ತಿರುತ್ತಾಳೆ. ಬಂಡೆಯ ಸಂದಿಯಲ್ಲಿ ಕೈ ಹಾಕಿ ಕೀಳುವಾಗ ಬೆರಳ ಚರ್ಮ ಸುಲಿಯುತ್ತದೆ. ನಿನ್ನ ಅಮ್ಮನ ಉಗುರಿನ ಸುತ್ತ ಸದಾ ಗಾಯ ಇರುತ್ತಿತ್ತು. ಪಾತ್ರೆ ಉಜ್ಜಿ ಎಂದಿದ್ದಳು, ನಂಬಿದ್ದೆ. ಈಗ ಆ ಗಾಯಗಳು ನನ್ನ ಕೈಗೆ ಬಂದಿವೆ. ಅವಳು ಹೋದ ಮೇಲೆ ಅವಳಿಗೆ ಇಷ್ಟು ಹತ್ತಿರ ನಾನು ಕೂತದ್ದೇ ಇಲ್ಲ.

ಕಿತ್ತ ಜಾಗದಲ್ಲಿ ಏನು ಬಂದಿದೆ ಗೊತ್ತೇ? ಉಗುರಿನಷ್ಟು ಗಾತ್ರದ ಒಂದು ಗಿಡ, ಅದೂ ದಪ್ಪೆಲೆಯದೇ, ಬಂಡೆಗೆ ಅಂಟಿಕೊಂಡು ಕೂತಿರುತ್ತದೆ, ನೇರಳೆ ಹೂ. ಮೇಕೆಯವಳು ಬಂಡೆಹೂ ಎನ್ನುತ್ತಾಳೆ. ಅವಳು ಮಗುವಾಗಿದ್ದಾಗ ಗುಡ್ಡವೆಲ್ಲ ಅದೇ ಇತ್ತಂತೆ. ಅದನ್ನೇ ನಿನಗೆ ಕಳಿಸೋಣ ಎಂದು ಚಾಕು ತೆಗೆದೆ. ಅವಳು ಕೈ ಹಿಡಿದಳು. "ಬೇಡಣ್ಣ, ಅದು ಅದರ ಮನೇಲಿದೆ. ನಮ್ಮನೆಗೆ ಯಾಕೆ?" ನಾಚಿಕೆಯಾಯಿತು. ಚಾಕು ಮಡಚಿ ಜೇಬಿಗೆ ಹಾಕಿಕೊಂಡೆ.

ಶುಕ್ರವಾರ

ಇವತ್ತು ಪಾರ್ಸಲ್ ಕಟ್ಟಲೇಬೇಕು. ಗಿಡಗಳ ವಿಷಯ ಹೇಳಿ ಮುಗಿಸುತ್ತೇನೆ. ಗುಬ್ಬಿಗೆ ಓದಿ ಹೇಳು.

ಎರಡೂ ನರ್ಸರಿಯಮ್ಮ ತಾನೇ ಬೆಳೆಸಿದವು, ಎಲ್ಲಿಂದಲೂ ಅಗೆದು ತಂದದ್ದಲ್ಲ. ಕೇಳಿಯೇ ತಂದೆ. ಈಗ ನಾನು ಎಲ್ಲವನ್ನೂ ಕೇಳುತ್ತೇನೆ, ಅಂಗಡಿಯವರು ನನ್ನನ್ನು ಕಂಡರೆ ಒಳಗೆ ಹೋಗುತ್ತಾರೆ. ಒಂದು, ನೆಲಕ್ಕೆ ಕೂತ ಗುಲಾಬಿಯ ಹಾಗೆ ಸುತ್ತುಸುತ್ತಾಗಿ ಎಲೆ ಇರುವುದು, ಮೈಮೇಲೆ ಬೂದಿ ಸವರಿದಂತೆ ಇದೆ. ಒರೆಸಬೇಡಿ, ಅದು ಅದರ ಕೊಡೆ. ಇನ್ನೊಂದು ಮೊನಚು ಎಲೆಯದು, ಮೈತುಂಬ ಬಿಳಿ ಪಟ್ಟೆ. ಇವೂ ಮರಿ ಹಾಕುತ್ತವೆ, ಆದರೆ ಮರಿಗಳು ತಾಯಿಯ ಸೆರಗು ಬಿಡುವುದಿಲ್ಲ, ಬುಡದಲ್ಲೇ ಕೂತಿರುತ್ತವೆ. ನೀನಾಗಿ ಬಿಡಿಸಿ ನೆಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಿದ್ದರೂ ಒಂದು ಊರಿನಲ್ಲಿ ಸಾಧುವಾದದ್ದು ಇನ್ನೊಂದು ಊರಿನಲ್ಲಿ ಪುಂಡನಾಗಬಹುದು ಎಂದಳು ನರ್ಸರಿಯಮ್ಮ. ಆದ್ದರಿಂದ ನಿಮ್ಮ ಕಡೆಯ ಗಿಡ ಬಲ್ಲವರನ್ನೂ ಒಂದು ಮಾತು ಕೇಳು. ಕುಂಡದಲ್ಲೇ ಇರಲಿ. ಯಾರಾದರೂ ಕೇಳಿದರೆ ಕೊಡು, ಜೊತೆಗೆ ಅದರ ಗುಣವನ್ನೂ ಹೇಳಿಕೊಡು. 'ತಾನೇ ಬೆಳೆಯುತ್ತೆ' ಎಂದು ಮಾತ್ರ ಹೇಳಬೇಡ. ಬೇಡವಾದದ್ದನ್ನು ಎಂದೂ ಗೋಡೆಯಾಚೆ ಹಾಕಬೇಡ.

ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಇಟ್ಟಿಗೆ ಚೂರು ಒಂದು ಪಾಲು. ಕುಂಡದ ತಳಕ್ಕೆ ತೂತು ಇರಲಿ, ಅಳಿಯನ ನೀಲಿ ಕುಂಡಕ್ಕೆ ತೂತು ಇದೆಯೋ ಇಲ್ಲವೋ ನೋಡು. ನೀರಿನ ವಿಷಯ ಗುಬ್ಬಿ ನೋಡಿಕೊಳ್ಳಲಿ. ಪೊರಕೆಕಡ್ಡಿಯನ್ನು ಮಣ್ಣಿಗೆ ಚುಚ್ಚಿ ತೆಗೆಯಬೇಕು. ಕಡ್ಡಿಗೆ ಮಣ್ಣು ಅಂಟಿದ್ದರೆ ನೀರು ಬೇಡ. ಒಣಗಿ ಬಂದರೆ ಒಂದು ಲೋಟ. ಅವಳು ನಮ್ಮ ಮನೆತನದ ಎರಡನೇ ಮೀಟರ್ ರೀಡರ್ ಎಂದು ಹೇಳು. ಮುದ್ದು ಹೆಚ್ಚಾಗಿ ಕೊಳೆಯುವ ಗಿಡಗಳು ಇವು, ಉಪವಾಸದಿಂದ ಸಾಯುವಂಥವಲ್ಲ.

ಉಳಿದದ್ದು ನಿನ್ನ ಅಮ್ಮನ ಕುಂಡ. ಬೋಗುಣಿಯ ನಡುವೆ ಇನ್ನೂ ಇದೆ. ಅದೊಂದನ್ನು ನಾನು ಮುಟ್ಟಿಲ್ಲ. ದಿನಾ ಬೆಳಗ್ಗೆ ಚಿಮುಟ ಹಿಡಿದು ಕೂರುತ್ತೇನೆ, ಮರಿ ಬಿಡಿಸಿ ಡಬ್ಬಿಗೆ ಹಾಕಿ ಬಿಸಿಲಿಗೆ ಇಡುತ್ತೇನೆ. ಅವಳು ಅದನ್ನು ಇಟ್ಟುಕೊಂಡದ್ದು ನಿನಗಾಗಿ. ಇರಬೇಕೋ ಹೋಗಬೇಕೋ ಎಂದು ನೀನೇ ಬಂದು ಹೇಳಬೇಕು. ರಜೆಗೆ ಬರುತ್ತೇವೆ ಎಂದಿದ್ದೀಯ. ಗುಬ್ಬಿಗೆ ಹಿತ್ತಲ ಕಿಟಕಿಯ ಪಕ್ಕ ಮಂಚ ಹಾಕಿಸಿದ್ದೇನೆ. ದೊಡ್ಡತ್ತೆ ಹೊಸ ದಿಂಬಿನ ಚೀಲ ಹೊಲಿದು, ಕನ್ನಡಕ ಇಲ್ಲದೆ ಹೊಲಿದದ್ದಕ್ಕೆ ನಾಲ್ಕೂ ಕಡೆ ಮುಚ್ಚಿಬಿಟ್ಟು, ಬಿಚ್ಚುತ್ತಾ ಕೂತಿದ್ದಾಳೆ.

ಮೂವರೂ ನೂರು ಕಾಲ ಚೆನ್ನಾಗಿರಿ. ಹೊಸ ಮನೆಯ ಬಾಲ್ಕನಿಗೆ ಬೆಳಗಿನ ಬಿಸಿಲು ತಪ್ಪದಿರಲಿ. ಗುಬ್ಬಿಯ ನೆತ್ತಿಗೆ ನನ್ನ ಕಡೆಯಿಂದ ಒಂದು ಮುತ್ತು.

ಯುವರ್ ಲವಿಂಗ್ ಫಾದರ್,
ನಿನ್ನ ಅಪ್ಪ

ಪಿ.ಎಸ್. ಮರೆತುಹೋದದ್ದನ್ನು ಬರೆಯಲು ಇರುವ ಜಾಗ ಇದು ಎಂದು ಮೇಷ್ಟ್ರು ಹೇಳಿದ್ದರು. ನಾನು ಮರೆತಿರಲಿಲ್ಲ.

ಗಿಡ ಹೇಗೋ ಗೋಡೆ ದಾಟಿತು ಎಂದು ಮೇಲೆ ಬರೆದೆ. ಹೊಡೆದುಹಾಕಿ ತಿದ್ದೋಣ ಎಂದುಕೊಂಡೆ, ಆದರೆ ಅಪ್ಪ ಮೊದಲು ಏನು ಬರೆದಿದ್ದ ಎಂಬುದೂ ನಿನಗೆ ಗೊತ್ತಿರಲಿ. ನಾನು ಬೇಡವೆಂದ ಹುಡುಗನನ್ನು ಮದುವೆಯಾಗಿ ಆರು ತಿಂಗಳಿಗೆ ನೀನು ಆ ನೀಲಿ ಕುಂಡ ಹಿಡಿದು ಬಂದು ಗೇಟು ಬಡಿದೆಯಲ್ಲ, ನಾನು ಮನೆಯಲ್ಲೇ ಇದ್ದೆ. ಕಿಟಕಿಯ ಪರದೆಯ ಹಿಂದೆ. ನಿನ್ನ ಅಮ್ಮ ಚಿಲಕಕ್ಕೆ ಕೈ ಹಾಕಿದಳು, ಕೂಡದು ಎಂದೆ. ನೀನು ಕುಂಡವನ್ನು ಗೇಟಿನ ಮುಂದಿನ ಮೆಟ್ಟಿಲ ಮೇಲಿಟ್ಟು ಹೋದೆ. ಬೀದಿಯ ತಿರುವು ದಾಟುವ ತನಕ ನೋಡಿದೆ. ಆಮೇಲೆ ಅದನ್ನು ಹಿತ್ತಲಿಗೆ ಒಯ್ದು, ನನ್ನ ಈ ಎರಡು ಕೈಗಳಿಂದ, ಗೋಡೆಯಾಚೆ ಎಸೆದೆ. ಬಂಡೆಗೆ ಬಡಿದು ಒಡೆದ ಸದ್ದು ಕೇಳಿಸಿತು. ಕೆಲವು ತಿಂಗಳ ಮೇಲೆ ಹಿತ್ತಲಲ್ಲಿ ಬೋಗುಣಿ, ಬಕೆಟ್ಟು, ಬರೀ ಮಣ್ಣಿನ ಹೊಸ ಕುಂಡ, ಅದರಲ್ಲಿ ಗುಡ್ಡದಿಂದ ತಂದ ಒಂದು ಮರಿ. ನಾನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು. ಅಷ್ಟೇ. ನಾನು ಆ ಗಿಡಕ್ಕೆ ಅವಳು ಬದುಕಿರುವ ತನಕ ಒಂದು ಹನಿ ನೀರು ಹಾಕಲಿಲ್ಲ. ನಮ್ಮ ಮನೆಗೆ ಯಾವ ಬೆಕ್ಕೂ ಬಂದಿರಲಿಲ್ಲ.

ನೀನು ಮತ್ತೆ ಗೇಟು ದಾಟಿದ್ದು ಅವಳು ಹೇಳಿದ ಆ ಸುಳ್ಳನ್ನು ನಂಬಿ. ಆ ಸುಳ್ಳನ್ನು ಬದುಕಿಸಲಿಕ್ಕೆ ಅವಳು ದಿನಾ ಬೆಳಗ್ಗೆ ಕುಕ್ಕರಗಾಲಲ್ಲಿ ಕೂತಳು, ವಾರವಾರ ಗುಡ್ಡ ಹತ್ತಿದಳು, ನನ್ನನ್ನು ನಿನ್ನ ಮುಂದೆ ಒಳ್ಳೆಯವನನ್ನಾಗಿ ಇಟ್ಟಳು. ಇದನ್ನು ತಿಳಿದ ಮೇಲೆ ನೀನು ರಜೆಗೆ ಬರದಿದ್ದರೆ, ಯಾಕೆ ಬರಲಿಲ್ಲ ಎಂದು ನಾನು ಕೇಳುವುದಿಲ್ಲ.

ಪಾರ್ಸಲಿನ ತಳದಲ್ಲಿ ಹತ್ತಿಯಲ್ಲಿ ಸುತ್ತಿ ಆ ಒಡೆದ ಕುಂಡದ ಒಂದು ಚೂರು ಇಟ್ಟಿದ್ದೇನೆ. ಹೋದ ಶನಿವಾರ ಗೋಡೆಯ ನೇರ ಕೆಳಗೆ, ಬೇರುಗಳ ಮಧ್ಯೆ ಸಿಕ್ಕಿತು. ಕೈ ಕುಯ್ದೀತು, ಗುಬ್ಬಿಗೆ ಕೊಡಬೇಡ. ಅಳಿಯನಿಗೆ ಕೊಡು. ಬೋರ್ಡು ಬರೆಯುವ ಹುಡುಗ ಎಂದು ನೀನು ಅವನನ್ನು ಮೊದಲ ಸಲ ಮನೆಗೆ ಕರೆತಂದಾಗ, ಒಂದು ಮಳೆಗೆ ತೊಳೆದುಹೋಗುವ ಕೆಲಸ ಎಂದು ನಾನು ಅವನ ಮುಖದ ಮೇಲೇ ಹೇಳಿದ್ದೆ. ಒಂಬತ್ತು ಮಳೆಗಾಲ ಕಳೆದಿದೆ ಪುಟ್ಟೀ. ಮಣ್ಣು ತೊಳೆದು ನೋಡಿದೆ. ನೀಲಿ ಹಾಗೇ ಇದೆ, ಅದರ ಮೇಲೆ ಅವನು ಎಳೆದ ಹಳದಿ ಗೆರೆಯೂ ಹಾಗೇ ಇದೆ.